ಹಗ್ಗಕ್ಕಿಲ್ಲದ ರೊಕ್ಕ

ನಮ್ಮ ಕಡೆ ಮನುಷ್ಯ ಅಟ್ಟದ ಮೇಲಿಂದ ಬಿದ್ದರೆ ಅದಕ್ಕೆ ಕಾರಣ ಒಂದೇ: ಹಣೆಬರಹ. ಕಟ್ಟಿದ ಹಗ್ಗ ಎಷ್ಟು ಹಳೆಯದಿತ್ತು, ಟೊಂಗೆ ಹಸಿಯೋ ಒಣಗಿದ್ದೋ, ಮೇಲೆ ಕುಳಿತವನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದ ಎಂದು ಯಾರೂ ಕೇಳುವುದಿಲ್ಲ. “ಹಣ್ಯಾಗ ಬರದಿತ್ತವ್ವಾ, ತಪ್ಪಸಾಕ ಯಾರ ಕೈಯಾಗೈತಿ” ಎಂದು ನಿಟ್ಟುಸಿರು ಬಿಟ್ಟು ಚಹಾ ಕುಡಿದು ಎದ್ದು ಹೋಗುತ್ತಾರೆ. ವಾರ ಕಳೆಯುವುದರೊಳಗೆ ಅದೇ ಮರಕ್ಕೆ, ಅದೇ ಹಗ್ಗದಿಂದ, ಇನ್ನೊಬ್ಬನಿಗಾಗಿ ಅಟ್ಟ ಸಿದ್ಧವಾಗಿರುತ್ತದೆ. ಈ ಹಣೆಬರಹದ ಮಾತಿನ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಚಿಮ್ಮಡ. ನಾನು ಹುಟ್ಟಿದಾಗ ಅದು ವಿಜಾಪುರ ಜಿಲ್ಲೆ, ಜಮಖಂಡಿ ತಾಲೂಕು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, ಈಗ ರಬಕವಿ-ಬನಹಟ್ಟಿ ತಾಲೂಕು. ಕಾಗದದಲ್ಲಿ ಊರಿನ ವಿಳಾಸ ಬದಲಾದ ಹಾಗೆ ಹೊಲವೂ ಬದಲಾಯಿತು. ಮೊದಲು ಬಿಳಿಜೋಳ ಹಾಲುಗಟ್ಟುವ ಹೊತ್ತಿಗೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಹಾಕುತ್ತಿದ್ದರು. ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಸಾಲಿಗೆ ಚಕ್ಕರ್ ಹೊಡೆದ ಹುಡುಗರು. ಈಗ ಕಬ್ಬು ಬಂದಿದೆ, ಗೋವಿನಜೋಳ ಬಂದಿದೆ, ಅವುಗಳ ಬೆನ್ನಿಗೆ ಕಾಡುಹಂದಿಯೂ ಬಂದಿದೆ. ಅಟ್ಟ ಹೊಲದ ನಡುವಿನಿಂದ ಬದುವಿನ ಬೇವಿನ ಮರಕ್ಕೆ, ಜಾಲಿಯ ಮರಕ್ಕೆ ಏರಿತು. ಹಗಲಿನ ಕೆಲಸ ರಾತ್ರಿಯದಾಯಿತು. ಆಳೆತ್ತರದ ಅಟ್ಟ ಹದಿನೈದು ಅಡಿಯದಾಯಿತು. ಹಗ್ಗ ಮಾತ್ರ ಅದೇ ಹಳೆಯ ಪುಂಡಿ ನಾರಿನದು, ಇಲ್ಲವೇ ಬಿಸಿಲಿಗೆ ಪುಡಿಪುಡಿಯಾದ ಪ್ಲಾಸ್ಟಿಕ್ ಹಗ್ಗ.

ಹದಿನೈದು ಅಡಿ ಎಂದರೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಅಷ್ಟು ಎತ್ತರದಿಂದ ಜಾರಿದವನು ನೆಲ ಮುಟ್ಟಲು ಒಂದು ಸೆಕೆಂಡು ಸಹ ಬೇಕಿಲ್ಲ. ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 34 ಕಿಲೋಮೀಟರು. ಬ್ರೇಕು ಹಿಡಿಯದ ಮೋಟಾರ್ ಸೈಕಲ್ಲು ಗೋಡೆಗೆ ಗುದ್ದಿದ ಹಾಗೆ. “ಬೀಳುವಾಗ ಟೊಂಗಿ ಹಿಡ್ಕೊಂಡ್ರಾತು” ಎನ್ನುವ ಶೂರರು ಈ ಒಂದು ಸೆಕೆಂಡಿನಲ್ಲಿ ಏನೇನು ಮಾಡಬಲ್ಲರು, ನೀವೇ ಹೇಳಿ.

ನಮ್ಮ ದೊಡ್ಡಪ್ಪನ ಮಗ ಹಾಗೆ ಬಿದ್ದ. ಅವನ ಹೆಸರು ಇಲ್ಲಿ ಬೇಡ. ಸೊಂಟದ ಮೇಲಿನ ಎಲುಬು ಮುರಿದು ಕಾಲೆರಡೂ ಸತ್ತವು. ಜೊತೆಗಿದ್ದವರು ಹಂದಿ ಹೊಡೆಯಲು ಕುಳಿತಿದ್ದರಂತೆ. ಆ ಮಾತು ಹೊರಗೆ ಬಂದರೆ ಕೇಸಾದೀತೆಂದು ಆಸ್ಪತ್ರೆಯಲ್ಲಿ “ಬಾವಿ ಮೆಟ್ಟಲದಾಗ ಜಾರಿ ಬಿದ್ದ” ಎಂದು ಬರೆಸಿದರು. ಎರಡು ಮೆಟ್ಟಿಲು ಜಾರಿದವನನ್ನು ನೋಡುವ ರೀತಿ ಬೇರೆ, ಹದಿನೈದು ಅಡಿಯಿಂದ ಬಿದ್ದವನನ್ನು ನೋಡುವ ರೀತಿ ಬೇರೆ. ಆ ಸುಳ್ಳಿನಿಂದ ಎಷ್ಟು ಹೊತ್ತು ಹಾಳಾಯಿತೋ ದೇವರೇ ಬಲ್ಲ. ಆಮೇಲೆ ಅವನು ಹನ್ನೊಂದು ವರ್ಷ ಬದುಕಿದ. ಬದುಕಿದ ಎನ್ನುವುದಕ್ಕಿಂತ ವೈನಿ ಬದುಕಿಸಿದಳು ಎನ್ನಬೇಕು. ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿಗೆ ಹುಣ್ಣು. ಮೂತ್ರದ ನಳಿಗೆ ಸ್ವಚ್ಛವಿರಬೇಕು, ಇಲ್ಲವಾದರೆ ಜ್ವರ. ಹನ್ನೊಂದು ವರ್ಷದಲ್ಲಿ ಆಕೆ ಒಂದು ರಾತ್ರಿ ಪೂರ್ತಿ ಮಲಗಿದ್ದನ್ನು ನಾನು ಕಾಣೆ. ತವರಿನ ಮದುವೆಗಳಿಗೂ ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಓಡುತ್ತಿದ್ದಳು. ಊರವರು “ಹಣೆಬರಹ” ಎಂದರಲ್ಲ, ಅದು ಯಾರ ಹಣೆಯ ಬರಹ? ಮರ ಏರಿದವನದೋ, ಏರುವಾಗ ಒಂದು ಮಾತೂ ಕೇಳಿಸಿಕೊಳ್ಳದೆ ಬಿಟ್ಟುಹೋದ ಆಕೆಯದೋ?

ಏಕೆಂದರೆ ಆಕೆ ಹೇಳಿದ್ದಳು. “ಆ ಟೊಂಗಿ ಒಣಗೇತ್ರಿ” ಎಂದಿದ್ದಳು. “ಸುಮ್ಕಿರ, ಬ್ಯಾಟಿ ಮಾತಿನ್ಯಾಗ ಹೆಂಗಸರಿಗೇನ ತಿಳೀತೈತಿ” ಎಂಬ ಉತ್ತರ ಬಂದಿತ್ತು. ಬೇಟೆ ಗಂಡಸರ ವಿಷಯವಂತೆ. ಹಾಗಾದರೆ ಹಾಸಿಗೆ ಹಿಡಿದವನ ಮಲಮೂತ್ರ ಯಾರ ವಿಷಯ? ಬಿದ್ದ ಮೇಲೆ ಎತ್ತುವ ಕೈ ನಮ್ಮದಾದರೆ, ಏರುವ ಮೊದಲು ಕೇಳುವ ಬಾಯಿಯೂ ನಮ್ಮದೇ.

ಬೇಟೆಯ ಹೆಮ್ಮೆ ನಮ್ಮ ಸೀಮೆಗೆ ಹೊಸದಲ್ಲ, ನಿಜ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ಬೇಟೆನಾಯಿಯ ಹೆಸರು ಸೀಮೆ ದಾಟಿ ಹೋಗಿದೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಅದೇ ಮುಧೋಳದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲೊಲ್ಲೆವೆಂದು ಇಂಗ್ಲಿಷರಿಗೆ ಎದುರು ನಿಂತವರು. ಆಯುಧವೇ ಅವರ ಅನ್ನವಾಗಿತ್ತು. ಅವರ ಹೆಸರು ಹೇಳಿಕೊಂಡು ಇಂದು ಮೋಜಿಗೆ ಹಂದಿಗೆ ಹೊಂಚು ಹಾಕುವವರಿಗೆ ಅವರ ಧೈರ್ಯವೂ ಇಲ್ಲ, ಅವರ ಅಗತ್ಯವೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಹಂದಿ ಹೊಡೆಯಲು ಮರ ಏರಬೇಡಿ ಎನ್ನುವುದೇ ನನ್ನ ಮೊದಲ ಮಾತು. ಆದರೆ ಹೊಲ ಕಾಯುವುದು ಅಪರಾಧವಲ್ಲ. ತಮಟೆ ಬಾರಿಸಿ, ಬ್ಯಾಟರಿ ಬೆಳಕು ಬಿಟ್ಟು ಬೆಳೆ ಉಳಿಸಿಕೊಳ್ಳುವ ಬಡವ ಅಟ್ಟ ಏರಲೇಬೇಕಾಗುತ್ತದೆ. ನನ್ನ ಎರಡನೆಯ ಮಾತು ಅವನ ಸಲುವಾಗಿ.

ಅಮೇರಿಕೆಯಲ್ಲಿ ಜಿಂಕೆ ಬೇಟೆಗೆ ಸರಕಾರವೇ ಪರವಾನಿಗೆ ಕೊಡುತ್ತದೆ. ಅಲ್ಲಿಯ ಬೇಟೆಗಾರರು ಮರಕ್ಕೆ ಕಬ್ಬಿಣದ ಅಟ್ಟ ಬಿಗಿದು ಗಂಟೆಗಟ್ಟಲೆ ಕೂಡುತ್ತಾರೆ, ಅವರೂ ಬೀಳುತ್ತಾರೆ. ಅವರ ಬೇಟೆ ನಮಗೆ ಬೇಡ. ಆದರೆ ಬಿದ್ದವರನ್ನು ನೋಡಿ ಅವರು ಕಲಿತ ಪಾಠ ಬೇಕು. ಅಟ್ಟದ ಮೇಲೆ ಕುಳಿತಾಗ ಬೀಳುವುದಕ್ಕಿಂತ ಏರುವಾಗ, ಇಳಿಯುವಾಗ, ಏಣಿಯಿಂದ ಅಟ್ಟಕ್ಕೆ ಕಾಲಿಡುವಾಗ ಬೀಳುವುದು ಹೆಚ್ಚು ಎಂದು ಅವರು ಕಂಡುಕೊಂಡರು. ಆದ್ದರಿಂದ ಮೇಲೆ ಹೋಗಿ ಕಟ್ಟಿಕೊಂಡರೆ ಸಾಲದು. ಮರದ ಮೇಲಿಂದ ನೆಲದವರೆಗೆ ಒಂದು ಹಗ್ಗ ಇಳಿಬಿಟ್ಟು, ಕಾಲು ನೆಲ ಬಿಡುವ ಮೊದಲೇ ಅದಕ್ಕೆ ಕಟ್ಟಿಕೊಂಡು, ಕಾಲು ಮತ್ತೆ ನೆಲ ಮುಟ್ಟಿದ ಮೇಲೆಯೇ ಬಿಚ್ಚಬೇಕು. ನಮ್ಮವರು ಮಾಡುವಂತೆ ಸೊಂಟಕ್ಕೊಂದು ಹಗ್ಗ ಸುತ್ತಿಕೊಳ್ಳುವುದನ್ನು ಅವರು ಕೈಬಿಟ್ಟು ಬಹಳ ವರ್ಷವಾಯಿತು. ಬಿದ್ದ ಜಗ್ಗಿಗೆ ಆ ಹಗ್ಗವೇ ಹೊಟ್ಟೆ ಹಿಸುಕುತ್ತದೆ, ಉಸಿರು ಕಟ್ಟುತ್ತದೆ. ತೊಡೆ, ಎದೆ, ಹೆಗಲು ಎಲ್ಲವನ್ನೂ ಹಿಡಿಯುವ ಪಟ್ಟಿ ಬೇಕು. ಅದು ನಮ್ಮಲ್ಲಿ ಸಿಗದ ವಸ್ತುವೇನಲ್ಲ. ಎತ್ತರದ ಕಟ್ಟಡ ಕಟ್ಟುವವರು ಹಾಕಿಕೊಳ್ಳುವುದೇ ಅದು, ಅದಕ್ಕೆ ಐಎಸ್ 3521 ಎಂಬ ನಮ್ಮದೇ ಗುಣಮಟ್ಟದ ಗುರುತಿದೆ. ಪಟ್ಟಿಯಲ್ಲಿ ನೇತಾಡಿಕೊಂಡು ಬಹಳ ಹೊತ್ತು ಇರುವುದೂ ಅಪಾಯವೇ, ಕಾಲಲ್ಲಿ ರಕ್ತ ನಿಲ್ಲುತ್ತದೆ. ಆದ್ದರಿಂದ ಒಬ್ಬನೇ ಏರಬಾರದು, ಜೇಬಿನಲ್ಲಿ ಫೋನಿರಬೇಕು, ಯಾವ ಮರ ಎಂಬುದು ಮನೆಯಲ್ಲಿ ಗೊತ್ತಿರಬೇಕು. ಬ್ಯಾಟರಿ, ತಮಟೆ, ಕಂಬಳಿ ಹೆಗಲಿಗೆ ಹಾಕಿಕೊಂಡು ಏರಬಾರದು. ಮೇಲೆ ಹೋಗಿ ಕುಳಿತು ಹಗ್ಗದಿಂದ ಎಳೆದುಕೊಳ್ಳಬೇಕು. ಏರುವವನ ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಮರವನ್ನೋ ಏಣಿಯನ್ನೋ ಹಿಡಿದಿರಬೇಕು.

“ನಮ್ಮಜ್ಜ ಏನ್ ಪಟ್ಟಿ ಕಟ್ಕೊಂಡಿದ್ನೇನ?” ಎಂದು ಕೇಳುವವರಿದ್ದಾರೆ. ಬಿದ್ದು ಸತ್ತ ಅಜ್ಜಂದಿರು ಕಟ್ಟೆಗೆ ಬಂದು ಕಥೆ ಹೇಳುವುದಿಲ್ಲ. ಉಳಿದವರು ಹೇಳಿದ್ದನ್ನಷ್ಟೇ ನಾವು ಕೇಳಿರುತ್ತೇವೆ. ಇನ್ನು ಅಭ್ಯಾಸದ ಮಾತು. ಮಲೆನಾಡಿನ ಅಡಿಕೆ ಕೊನೆಗಾರನಿಗಿಂತ ಮರ ಹತ್ತುವ ಅಭ್ಯಾಸ ಯಾರಿಗಿದೆ? ಅಂಥವನೂ ಕಾಲಿಗೆ ತಳೆ ಹಾಕದೆ ಏರುವುದಿಲ್ಲ. ಅವನೂ ಬೀಳುತ್ತಾನೆ ಎಂದೇ ಅಲ್ಲಿ ನೆಲದ ಮೇಲೆ ನಿಂತು ಕೊನೆ ಕೊಯ್ಯುವ ಉದ್ದನೆಯ ದೋಟಿ ಬಂತು. ಬಂಟ್ವಾಳ ಕಡೆಯ ಒಬ್ಬ ರೈತರು ಮರ ಏರುವ ಯಂತ್ರವನ್ನೇ ಮಾಡಿದ್ದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ವಿಮೆ ಮಾಡಿಸಿದೆ. ಅಲ್ಲಿಯವರ ಹಣೆಬರಹ ಬರೆದ ಬ್ರಹ್ಮ ಬೇರೆಯವನೇನು? ಬಿದ್ದವರ ಬಗ್ಗೆ ಕೂತು ವಿಚಾರ ಮಾಡಿದರು, ಅಷ್ಟೇ.

ಕಾರ್ಖಾನೆಯಲ್ಲಿ ಎತ್ತರದ ಮೇಲೆ ದುಡಿಯುವವನು ಬೀಳದಂತೆ ಕಟಕಟೆ ಮಾಡಬೇಕೆಂದು ನಮ್ಮ ದೇಶ ಕಾಯ್ದೆ ಬರೆಯಿತು. ಆ ಕಾಯ್ದೆ ಹೊಲಕ್ಕೆ ಬರಲಿಲ್ಲ, ಬದುವಿನ ಮರದ ಬುಡಕ್ಕೆ ಯಾವ ಇನ್‌ಸ್ಪೆಕ್ಟರನೂ ಬರಲಿಲ್ಲ. ಹಾಗಾದರೆ ಅಲ್ಲಿ ಹೊಣೆ ಯಾರದು? ಹೊಲದ ಮಾಲಕರದು. ಇಲ್ಲಿಯೇ ಪಟ್ಟಣದ ಅಕ್ಕತಂಗಿಯರಿಗೆ ನನ್ನ ಮಾತಿದೆ. ಜಮಖಂಡಿಯಲ್ಲಿ, ಬನಹಟ್ಟಿಯಲ್ಲಿ, ಬಾಗಲಕೋಟೆಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಲ್ಲಿ ಎಷ್ಟೋ ಜನರ ಹೊಲ ಊರಲ್ಲಿದೆ. ಕಬ್ಬಿನ ಬಿಲ್ಲು ಬ್ಯಾಂಕಿಗೆ ಬರುತ್ತದೆ, ಹಬ್ಬಕ್ಕೆ ಬೆಲ್ಲದ ಪೆಂಟಿ ಮನೆಗೆ ಬರುತ್ತದೆ. ರಾತ್ರಿ ಕಾಯುವವನು ಮಾತ್ರ ಸಂಬಳದಾಳು. ಅವನ ಅಟ್ಟವನ್ನು ನಾವು ಯಾವತ್ತಾದರೂ ತಲೆಯೆತ್ತಿ ನೋಡುತ್ತೇವೆಯೇ? ಅವನು ಬಿದ್ದರೆ ಹತ್ತು ಸಾವಿರ ಕೊಟ್ಟು, “ಪಾಪ, ಕುಡದಿದ್ನೇನೋ” ಎಂದು ಕೈ ತೊಳೆದುಕೊಳ್ಳುವ ಮನೆಗಳು ನಮ್ಮಲ್ಲಿಲ್ಲವೇ? ಪಟ್ಟಿಗೆ ರೊಕ್ಕ ಇಲ್ಲ ಎನ್ನಬೇಡಿ. ಒಂದು ಒಳ್ಳೆಯ ರೇಷ್ಮೆ ಸೀರೆಯ ದುಡ್ಡಿನಲ್ಲಿ ಒಂದು ಪಟ್ಟಿ, ಒಂದು ಗಟ್ಟಿ ಹಗ್ಗ ಬರುತ್ತವೆ, ಬಹುಶಃ ಚಿಲ್ಲರೆಯೂ ಉಳಿಯುತ್ತದೆ. ಸತ್ತ ಮೇಲೆ ಊಟ ಹಾಕಿಸುವ ರೊಕ್ಕ ನಮ್ಮಲ್ಲಿದೆ, ಕಲ್ಲಿನ ಗದ್ದುಗೆ ಕಟ್ಟಿಸುವ ರೊಕ್ಕವಿದೆ. ಹಗ್ಗಕ್ಕೆ ಮಾತ್ರ ಇಲ್ಲ.

ನಾವು ಮಾಡಬಹುದಾದದ್ದು ಕಡಿಮೆಯೇನಲ್ಲ. ರಬಕವಿ-ಬನಹಟ್ಟಿಯ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತವರು. ಎಳೆ ಸವೆದದ್ದನ್ನು ಬೆರಳಲ್ಲೇ ಹಿಡಿಯುತ್ತಾರೆ. ಆ ಬೆರಳಿನಿಂದ ಒಮ್ಮೆ ಅಟ್ಟದ ಹಗ್ಗ ಮುಟ್ಟಿ ನೋಡಿ. ಪ್ರತಿ ಹಂಗಾಮಿಗೆ ಹಗ್ಗ ಬದಲಾಗಬೇಕು, ಗೆದ್ದಲು ಹಿಡಿದ ಕಂಬ ಒಲೆಗೆ ಹೋಗಬೇಕು, ನುಗ್ಗೆಯಂಥ ಪೆಡಸು ಮರಕ್ಕೆ ಅಟ್ಟ ಕಟ್ಟಬಾರದು. ಸ್ತ್ರೀಶಕ್ತಿ ಸಂಘದಲ್ಲಿ ಕುರಿಗೆ ಸಾಲ ಕೊಡುತ್ತೇವೆ, ಹೊಲಿಗೆ ಯಂತ್ರಕ್ಕೆ ಕೊಡುತ್ತೇವೆ. ಸಂಘಕ್ಕೊಂದೆರಡು ಪಟ್ಟಿ ತಂದಿಟ್ಟು ಬೇಕಾದವರಿಗೆ ಕೊಟ್ಟು ಇಸಿದುಕೊಳ್ಳಬಹುದು. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಬ್ಯಾಂಕಿನಲ್ಲೇ ಸಿಗುತ್ತದೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ನಿಮ್ಮ ಕಾವಲುಗಾರನಿಗೆ ಅದಿದೆಯೇ ಎಂದು ಕೇಳಿ, ಇಲ್ಲದಿದ್ದರೆ ನೀವೇ ಕಟ್ಟಿ.

ಇಷ್ಟಾಗಿಯೂ ಯಾರಾದರೂ ಬಿದ್ದರೆ, ದಯವಿಟ್ಟು ಎತ್ತಿ ಕೂಡಿಸಬೇಡಿ. ನೀರು ಕುಡಿಸಬೇಡಿ. ಕೈಕಾಲು ಹಿಡಿದು ಜೋಳಿಗೆಯಂತೆ ತೂಗಿಕೊಂಡು ಟ್ರ್ಯಾಕ್ಟರಿಗೆ ಹಾಕಬೇಡಿ. ಮುರಿದ ಎಲುಬಿಗಿಂತ ಅದರೊಳಗಿನ ನರದ ಹುರಿ ಮುಖ್ಯ. ಬಿದ್ದಾಗ ಉಳಿದ ಆ ಹುರಿ ಎಷ್ಟೋ ಸಲ ಎತ್ತುವಾಗ ಹೋಗುತ್ತದೆ. ಬಿದ್ದಲ್ಲೇ ಅಲುಗದಂತೆ ಮಲಗಿಸಿ, ತಲೆಯನ್ನು ಎರಡೂ ಕಡೆ ಹಿಡಿದುಕೊಂಡು 108ಕ್ಕೆ ಫೋನು ಮಾಡಿ. ಒಯ್ಯಲೇಬೇಕಾದರೆ ನಾಲ್ಕೈದು ಜನ ಸೇರಿ ತಲೆ, ಬೆನ್ನು, ಕಾಲು ಒಂದೇ ನೇರದಲ್ಲಿಟ್ಟು ಒಟ್ಟಿಗೆ ಹೊರಳಿಸಿ ಬಾಗಿಲ ಹಲಗೆಯ ಮೇಲೆ ಮಲಗಿಸಿ. ಡಾಕ್ಟರ ಮುಂದೆ ನಿಜ ಹೇಳಿ, ಎಷ್ಟು ಎತ್ತರದಿಂದ ಬಿದ್ದದ್ದು ಎಂಬುದನ್ನು ಮೊದಲು ಹೇಳಿ. ಹಂದಿಯ ಕೇಸು ಆಮೇಲೆ ನೋಡಿಕೊಂಡರಾಯಿತು.

ಇದನ್ನು ಓದಿ “ಹೆಂಗಸರಿಗ್ಯಾಕ ಈ ಉಸಾಬರಿ” ಎನ್ನುವ ಗಂಡಸರು ಮನೆಯಲ್ಲಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅಟ್ಟ ಏರುವ ದಿನ ರೊಟ್ಟಿ ಬುತ್ತಿ ಕಟ್ಟುವವರು ನೀವೇ ಅಲ್ಲವೇ? ಪಟ್ಟಿ ತೋರಿಸಿದ ಮೇಲೆಯೇ ಬುತ್ತಿ ಕೊಡಿ.