ಹೊಗೆಯ ಹೊಣೆ ಚಾಲಕನೊಬ್ಬನದೇ?

ಘಾಟಿಯ ತಿರುವಿನಲ್ಲಿ ಕರಿಹೊಗೆ ಉಗುಳುತ್ತ ಏರುವ ಲಾರಿಯನ್ನು ಕಂಡಾಗ ಮಲೆನಾಡಿಗರು ಮೊದಲು ಶಪಿಸುವುದು ಅದರ ಚಾಲಕನನ್ನು. ಆ ಲಾರಿಯಲ್ಲಿರುವುದು ಮಲೆನಾಡಿನ ಅಡುಗೆಮನೆಗೇ ಬರುವ ತೊಗರಿಬೇಳೆಯಾಗಿರಬಹುದು; ಅದು ಬೆಳೆದದ್ದು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಕಪ್ಪುಮಣ್ಣಿನ ಹೊಲಗಳಲ್ಲಿರಬಹುದು. ಹೊಗೆಗೆ ಹಳೆಯ ಎಂಜಿನ್, ಅತಿಭಾರ, ದುರಸ್ತಿಯ ಕೊರತೆ ಕಾರಣವೆಂಬುದು ನಿಜ. ಆದರೆ ಟ್ಯಾಂಕಿಗೆ ಬಿದ್ದ ಡೀಸೆಲ್ ಎಂಥದೆಂದು ಕೇಳುವವರು ವಿರಳ.

ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿವೆ. ತೊಗರಿ, ಕಬ್ಬು ಹೊತ್ತ ವಾಹನಗಳು ಗಡಿ ದಾಟಿ ಸೊಲ್ಲಾಪುರದತ್ತ ಸಾಗುವುದು ದಿನನಿತ್ಯದ ಸಂಗತಿ. ಊರಿನ ಬಂಕನ್ನು ಮರುದಿನ ಪ್ರಶ್ನಿಸಬಹುದು. ಪರಸ್ಥಳದಲ್ಲಿ ಇಂಧನ ತುಂಬಿಸಿದವನಿಗೆ ಆ ಅವಕಾಶವೂ ಇಲ್ಲ.

ಕಲಬೆರಕೆಗೆ ಬಹುಕಾಲ ಬಳಕೆಯಾದದ್ದು ಸಬ್ಸಿಡಿಯ ಸೀಮೆಎಣ್ಣೆ. ಅದನ್ನು ಗುರುತಿಸಲೆಂದೇ ಪಡಿತರದ ಎಣ್ಣೆಗೆ ನೀಲಿ ಬಣ್ಣ ಬೆರೆಸಲಾಯಿತು. ಡೀಸೆಲ್ ಎಂಜಿನ್ನಿನ ಪಂಪು, ಇಂಜೆಕ್ಟರುಗಳಿಗೆ ಜಾರುಗುಣ ಒದಗಿಸುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಗುಣ ಕಡಿಮೆ. ಸವೆದ ಇಂಜೆಕ್ಟರು ಇಂಧನವನ್ನು ನುಣ್ಣನೆಯ ತುಂತುರಾಗಿ ಸಿಂಪಡಿಸಲಾರದು. ಪೂರ್ತಿ ಉರಿಯದ ಇಂಧನವೇ ಘಾಟಿಯ ಕರಿಹೊಗೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರುವಂತಿಲ್ಲ; ಹಿಂದೆ ಅದು 50 ಭಾಗವಿತ್ತು. ಹೆಚ್ಚು ಗಂಧಕವುಳ್ಳ ಎಣ್ಣೆ ಬೆರೆತರೆ ಹೊಸ ವಾಹನಗಳ ಹೊಗೆಶೋಧಕ ವ್ಯವಸ್ಥೆಯೇ ಕೆಡುತ್ತದೆ.

ಈ ಮೋಸವನ್ನು ತಡೆಯಹೋದವರು ಪ್ರಾಣವನ್ನೇ ತೆತ್ತಿದ್ದಾರೆ. ಕೋಲಾರದ ಚಿನ್ನದ ಗಣಿ ಪ್ರದೇಶದ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನಮಾಡ ಬಳಿ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಜೀವಂತ ಸುಡಲಾಯಿತು.

ಗ್ರಾಹಕನ ಕೈಯಲ್ಲಿಯೂ ಕೆಲವು ಉಪಾಯಗಳಿವೆ. ಬಂಕಿನವರು ಪ್ರತಿದಿನ ಬೆಳಿಗ್ಗೆ ಇಂಧನದ ಸಾಂದ್ರತೆ ಅಳೆದು ದಾಖಲಿಸಬೇಕು. 15 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕದಲ್ಲಿ ಅದು ಸರಬರಾಜಿನ ದಾಖಲೆಗಿಂತ ಘನಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ಬೇರೆಯಾಗಿದ್ದರೆ ಸಂಶಯಕ್ಕೆ ಎಡೆಯುಂಟು. ಆ ದಾಖಲೆಯನ್ನು ಕೇಳಿ ನೋಡಬೇಕು, ರಸೀತಿ ಪಡೆಯಬೇಕು. ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಆಗಾಗ ಹೊರಬಿಡಬೇಕು. ಹೊಲಕ್ಕೆ ಡೀಸೆಲ್ ಒಯ್ಯುವ ರೈತರು ಡ್ರಮ್ಮುಗಳನ್ನು ಅರೆತುಂಬಿ ಇಡಬಾರದು. ರಾತ್ರಿಯ ತಂಪಿಗೆ ಒಳಗೆ ಹನಿಗಟ್ಟಿದ ನೀರಿನಿಂದ ತುಕ್ಕು ಹಿಡಿದು, ಪಾಚಿಯಂಥ ಲೋಳೆ ಬೆಳೆಯುತ್ತದೆ. ಎಲ್ಲ ದೋಷವೂ ಬಂಕಿನದೇ ಅಲ್ಲ.

ಆದರೆ ಅಲ್ಪ ಪ್ರಮಾಣದ ಕಲಬೆರಕೆ ಸಾಂದ್ರತೆಯ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ರಾತ್ರಿಯಿಡೀ ಲಾರಿ ಓಡಿಸುವವನು ಆ ಹೊಣೆಯನ್ನು ಹೇಗೆ ಹೊತ್ತಾನು? ಹೊಗೆ ತಪಾಸಣೆಯ ದಂಡ ಹೊಗೆಕೊಳವೆಯ ತುದಿಯಲ್ಲಿ ನಿಂತವನಿಗೆ ಮಾತ್ರ. ಎಣ್ಣೆ ಬೆರೆಸಿದವನ ತನಕ ಅದು ತಲುಪುವುದೇ ಇಲ್ಲ. ತಾಲ್ಲೂಕು ಮಟ್ಟದಲ್ಲಿ ಮುನ್ಸೂಚನೆಯಿಲ್ಲದ ಮಾದರಿ ಸಂಗ್ರಹ ನಡೆಯಬೇಕು, ಅದರ ಫಲಿತಾಂಶ ಜನರಿಗೆ ತಿಳಿಯಬೇಕು. ಬಯಲುಸೀಮೆಯ ಚಾಲಕನ ಈ ಬೇಡಿಕೆಗೆ ಮಲೆನಾಡಿನ ಹಳ್ಳಿಗರೂ ವಿದ್ಯಾರ್ಥಿಗಳೂ ದನಿಗೂಡಿಸಬೇಕು. ಜೇವರ್ಗಿಯಲ್ಲಿ ಶುದ್ಧ ಡೀಸೆಲ್ ದೊರೆತರೆ ಅದರ ಫಲ ಘಾಟಿಯ ಗಾಳಿಗೂ ಸಲ್ಲುತ್ತದೆ.