ಮಂಡಿ ಮೊಹಲ್ಲಾದ ಶಾಂತಿ ಸಭೆಗಳು

ಭಾದ್ರಪದ ಮಾಸವು ಸಮೀಪಿಸಿತೆಂದರೆ ನಮ್ಮ ನಗರದ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆಗಳು ಸೇರುವುದು ವಾಡಿಕೆಯಾಗಿದೆ. ಗಣೇಶೋತ್ಸವದ ಮಂಡಲಿಯವರು, ಮಸೀದಿಯ ಮುತವಲ್ಲಿಗಳು, ಇಗರ್ಜಿಯ ಗುರುಗಳು, ವರ್ತಕ ಪ್ರಮುಖರು, ಬೀದಿಯ ಹಿರಿಯರು, ಇವರಿಗೆಲ್ಲ ಕರೆ ಹೋಗುತ್ತದೆ. ಠಾಣಾಧಿಕಾರಿಗಳು ನಾಲ್ಕು ಹಿತನುಡಿಗಳನ್ನಾಡುತ್ತಾರೆ. ಬಂದವರು ತಾವೆಲ್ಲರೂ ಅಣ್ಣತಮ್ಮಂದಿರೆಂದು ಸಾರುತ್ತಾರೆ. ಚಹಾ ಬಿಸ್ಕತ್ತುಗಳ ವಿನಿಯೋಗವಾಗುತ್ತದೆ; ಭಾವಚಿತ್ರವನ್ನು ತೆಗೆಯಲಾಗುತ್ತದೆ; ಮರುದಿನ ಅದು ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅಲ್ಲಿಗೆ ಆ ವರ್ಷದ ಸೌಹಾರ್ದದ ಲೆಕ್ಕವು ಚುಕ್ತಾ ಆಯಿತೆಂದು ಅನೇಕ ಮಹನೀಯರು ನೆಮ್ಮದಿಯಿಂದ ಮನೆಗೆ ತೆರಳುತ್ತಾರೆ.

ಈ ಸಭೆಗಳನ್ನು ಹಳಿಯುವ ಉದ್ದೇಶವು ನಮಗಿಲ್ಲ. ಪೊಲೀಸಿನವರು ತಮ್ಮ ಕರ್ತವ್ಯವನ್ನು ಮಾಡುತ್ತಿದ್ದಾರೆ. ಅವರು ಕರೆಯದಿದ್ದರೆ ಎಷ್ಟೋ ಕಡೆ ಈ ಹಿರಿಯರು ವರ್ಷಕ್ಕೊಮ್ಮೆಯಾದರೂ ಪರಸ್ಪರ ಮುಖ ನೋಡುತ್ತಿರಲಿಲ್ಲವೆಂಬುದೂ ನಿಜ. ನಮ್ಮ ಪ್ರಶ್ನೆಯು ಪೌರರನ್ನು ಕುರಿತದ್ದು. ಸ್ವರಾಜ್ಯವು ಬಂದು ಮುಕ್ಕಾಲು ಶತಮಾನ ಕಳೆದ ಮೇಲೆಯೂ ಒಂದೇ ಬೀದಿಯ ನೆರೆಹೊರೆಯವರನ್ನು ಒಂದೆಡೆ ಕೂರಿಸಲು ಲಾಠಿ ಹಿಡಿದವರೇ ಬೇಕೆ? ಠಾಣೆಯಲ್ಲಿ ಕೊಟ್ಟ ಮಾತು ಠಾಣೆಯ ಭಯವಿರುವಷ್ಟು ಹೊತ್ತು ಮಾತ್ರ ನಿಲ್ಲುವುದೆಂಬುದು ಅನುಭವಸ್ಥರೆಲ್ಲರಿಗೂ ತಿಳಿದ ವಿಷಯ.

ಈ ಮಾತಿಗೆ ಮಂಡಿ ಮೊಹಲ್ಲಾವನ್ನೇ ನಾವು ಉದಾಹರಣೆಯಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಮೈಸೂರಿನಲ್ಲಿ ಇಷ್ಟು ಚಿಕ್ಕ ಹರವಿನಲ್ಲಿ ಇಷ್ಟು ಬಗೆಯ ಜನರು ಕೂಡಿ ಬಾಳುವ ಸ್ಥಳವು ವಿರಳ. ಅಶೋಕ ರಸ್ತೆಯ ಮೇಲೆ ಮಸ್ಜಿದ್-ಎ-ಆಜಂ ಇದೆ. ಅದೇ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ ಸಂತ ಫಿಲೋಮಿನಾ ಇಗರ್ಜಿಯ ಅವಳಿ ಗೋಪುರಗಳು ಎದುರಾಗುತ್ತವೆ. ಅದಕ್ಕೆ 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರವರು. ಪಕ್ಕದ ಹಳ್ಳದಕೇರಿಯಲ್ಲಿ ಜೈನರ ಸುಮತಿನಾಥ ಮಂದಿರವಿದೆ. ಮೊಹಲ್ಲಾದ ಬೀದಿಗಳ ಹೆಸರುಗಳನ್ನು ನೋಡಿರಿ: ಕಬೀರ್ ರಸ್ತೆ, ಅಕ್ಬರ್ ರಸ್ತೆ, ಪುಲಿಕೇಶಿ ರಸ್ತೆ. ಗಣೇಶೋತ್ಸವವನ್ನು 1893ರಲ್ಲಿ ಸಾರ್ವಜನಿಕ ಉತ್ಸವವನ್ನಾಗಿ ಬೆಳೆಸಿದ ಲೋಕಮಾನ್ಯರ ಹೆಸರಿನ ತಿಲಕನಗರವೂ ಅಲ್ಲಿಯೇ. ಈ ಹೆಸರುಗಳನ್ನಿಟ್ಟವರು ಯಾರಾದರೂ ಆಗಲಿ, ಅವರ ಮನಸ್ಸು ಸಣ್ಣದಾಗಿರಲಿಲ್ಲ.

ಆದರೆ ಹೆಸರು ಊರನ್ನು ಕಾಯುವುದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ಮದ್ದೂರಿನಲ್ಲಿ ಗಣೇಶನ ಮೆರವಣಿಗೆಯ ಮೇಲೆ ಕಲ್ಲು ಬಿದ್ದ ಸ್ಥಳದ ಹೆಸರು ರಾಮ್ ರಹೀಮ್ ನಗರ. ಅದಕ್ಕೆ ಹಿಂದಿನ ವರ್ಷ, 2024ರ ಸೆಪ್ಟೆಂಬರ್ 11ರಂದು, ನಾಗಮಂಗಲದಲ್ಲಿ ವಿಸರ್ಜನೆಯ ಮೆರವಣಿಗೆಯು ಗಲಭೆಗೆ ತಿರುಗಿ ಅಂಗಡಿಗಳು ಸುಟ್ಟುಹೋದವು. ಎರಡೂ ನಮ್ಮ ನೆರೆಯ ಊರುಗಳೇ. ನಮ್ಮ ನಗರದಲ್ಲಿಯೇ 2025ರ ಫೆಬ್ರವರಿ 10ರ ರಾತ್ರಿ, ಜಾಲತಾಣದಲ್ಲಿ ಯಾರೋ ಹರಿಯಬಿಟ್ಟ ಒಂದು ಚಿತ್ರದ ಕಾರಣದಿಂದ, ಉದಯಗಿರಿ ಠಾಣೆಯ ಮುಂದೆ ಕಲ್ಲು ತೂರಾಟವಾಗಿ ಅಶ್ರುವಾಯು ಪ್ರಯೋಗವಾಯಿತು. 2009ರ ಜುಲೈಯಲ್ಲಿ ಕ್ಯಾತಮಾರನಹಳ್ಳಿಯಲ್ಲಿ ಹೊತ್ತಿದ ಕಿಡಿಯು ಜೀವಗಳನ್ನೇ ತೆಗೆದುಕೊಂಡಿತು. ಇನ್ನೂ ಹಿಂದಕ್ಕೆ ಹೋದರೆ, 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಗಣಪತಿಯ ಪ್ರಕರಣವಿದೆ. ಒಂದು ಪಾಠಶಾಲೆಯ ಆವರಣದ ವಿನಾಯಕನ ವಿಷಯದಲ್ಲಿ ಹುಟ್ಟಿದ ತಕರಾರು ನಗರವನ್ನೇ ಕಲಕಿತು. ಸಂಸ್ಥಾನದ ಸರ್ಕಾರದವರು ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಆಗ ದಿವಾನಗಿರಿಯಲ್ಲಿದ್ದವರು ಮಿರ್ಜಾ ಇಸ್ಮಾಯಿಲರು. ಅಂತಹ ಸಮರ್ಥರು ಇದ್ದ ಕಾಲದಲ್ಲಿಯೂ ತಪ್ಪದ ಅನಾಹುತವು ಇಂದು ಒಂದು ಚಹಾಕೂಟದಿಂದ ತಪ್ಪೀತೆ?

ಇಲ್ಲಿ ಪಂಚಾಂಗದ ಒಂದು ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕು. ಪೇಟೆಯಲ್ಲಿ ಇದನ್ನು ಕುರಿತು ಬಹಳ ಅಪಾರ್ಥಗಳು ಹರಡಿವೆ. ಮುಸಲ್ಮಾನರ ವರ್ಷವು ಶುದ್ಧ ಚಾಂದ್ರಮಾನದ್ದು, ಸುಮಾರು 354 ದಿನಗಳದು. ನಮ್ಮ ಚಾಂದ್ರಮಾನಕ್ಕಾದರೋ ಎರಡೂವರೆ ಮೂರು ವರ್ಷಗಳಿಗೊಮ್ಮೆ ಅಧಿಕಮಾಸವು ಸೇರಿ ಋತುಗಳೊಡನೆ ಹೊಂದಿಕೆಯಾಗುತ್ತದೆ. ಆದುದರಿಂದ ಒಂದು ಅಧಿಕಮಾಸದಿಂದ ಮತ್ತೊಂದು ಅಧಿಕಮಾಸದವರೆಗೆ ಉಭಯರ ತಿಂಗಳುಗಳು ಜೋಡಿಯಾಗಿ ನಡೆದು, ಆಮೇಲೆ ಒಂದು ಸ್ಥಾನ ಸರಿಯುತ್ತವೆ. 2023, 2024, 2025, ಈ ಮೂರು ವರ್ಷಗಳಲ್ಲಿ ಭಾದ್ರಪದವೂ ರಬೀ-ಉಲ್-ಅವ್ವಲ್ ಮಾಸವೂ ಒಂದಾಗಿದ್ದವು. 2023ರಲ್ಲಿ ಅನಂತ ಚತುರ್ದಶಿಯೂ ಈದ್ ಮಿಲಾದೂ ಸೆಪ್ಟೆಂಬರ್ 28ರ ಒಂದೇ ದಿನ ಬಂದವು. ಆ ಸಲ ಮುಂಬಯಿಯ ಮುಸಲ್ಮಾನ ಮುಖಂಡರು ವಿಸರ್ಜನೆಗೆ ದಾರಿ ಬಿಟ್ಟು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಿದುದು ನಮಗೆ ಬಹಳ ಸಂತೋಷವನ್ನುಂಟುಮಾಡಿದ ಸುದ್ದಿ. ಹೀಗೆಯೇ 2015ರಿಂದ 2017ರವರೆಗೆ ನಮ್ಮ ದಸರೆಯೂ ಮೊಹರಮ್ಮೂ ಒಂದರ ಬೆನ್ನಿಗೆ ಒಂದು ಬಂದಿದ್ದವು. 2026ರ ಅಧಿಕ ಜ್ಯೇಷ್ಠವು ಗಣೇಶ ಚೌತಿಯನ್ನೂ ಮಿಲಾದನ್ನೂ ಸುಮಾರು ಇಪ್ಪತ್ತು ದಿನಗಳಷ್ಟು ಅಗಲಿಸುತ್ತದೆ; ಇವೆರಡೂ ಮರಳಿ ಜೊತೆಗೂಡಬೇಕಾದರೆ ಮೂವತ್ತೆರಡು ಮೂವತ್ತಮೂರು ವರ್ಷಗಳೇ ಬೇಕು. ಇದು ಆಕಾಶದ ಗಣಿತ. ಇದರಲ್ಲಿ ಯಾರ ಸಂಚೂ ಇಲ್ಲ, ಯಾರ ಪೈಪೋಟಿಯೂ ಇಲ್ಲ.

ಹಬ್ಬಗಳು ಬೇರೆಯಾದುವೆಂದು ಅಧಿಕಾರಿಗಳು ಉಸಿರು ಬಿಡಬಹುದು. ನಮ್ಮ ಅಭಿಪ್ರಾಯದಲ್ಲಿ ಕೆಲಸ ಮಾಡತಕ್ಕ ಕಾಲವು ಇದೇ. ಎರಡು ಮೆರವಣಿಗೆಗಳು ಮುಖಾಮುಖಿಯಾಗಿ ನಿಂತಾಗ ಸ್ನೇಹವನ್ನು ಬೆಳೆಸಲಾಗುವುದಿಲ್ಲ.

ಸ್ನೇಹವು ಬೆಳೆಯುವುದಾದರೂ ಹೇಗೆ? ಉಪನ್ಯಾಸದಿಂದ ಅಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಸರ್ವಧರ್ಮ ಸಮ್ಮೇಳನಗಳ ವೇದಿಕೆಯ ಮೇಲೆ ಒಬ್ಬ ಸ್ವಾಮಿಗಳು, ಒಬ್ಬ ಮೌಲ್ವಿಗಳು, ಒಬ್ಬ ಪಾದ್ರಿಗಳು ಕೈಕೈ ಹಿಡಿದು ಎತ್ತುವ ಚಿತ್ರವನ್ನು ಎಲ್ಲರೂ ಕಂಡಿದ್ದಾರೆ. ಆ ಪೂಜ್ಯರ ನಡುವೆ ಎಂದೂ ಜಗಳವಿರಲಿಲ್ಲ! ಸಭೆಗೆ ಬರುವವರು ಕಲ್ಲೆಸೆಯುವವರಲ್ಲ. ಕಲ್ಲೆಸೆಯತಕ್ಕ ವಯಸ್ಸಿನವರಿಗೆ ಸಭೆಯ ಕರೆ ಹೋಗುವುದಿಲ್ಲ. ಮೆರವಣಿಗೆಯ ಮುಂದೆ ಕುಣಿಯುವ ಹುಡುಗರು, ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಕಂಡುದನ್ನೆಲ್ಲ ಹಂಚುವ ಹುಡುಗರು, ಇವರು ಶಾಂತಿ ಸಮಿತಿಯ ಪಟ್ಟಿಯಲ್ಲಿ ಇರುವುದು ಅಪರೂಪ. ಸ್ತ್ರೀಯರಂತೂ ಬಹುಮಟ್ಟಿಗೆ ಇಲ್ಲವೇ ಇಲ್ಲ. ಗಲಭೆಯಾದರೆ ಮರುದಿನ ಹಾಲಿಲ್ಲದೆ, ತರಕಾರಿಯಿಲ್ಲದೆ ಮನೆ ನಡೆಸಬೇಕಾದವರು ಅವರೇ.

ಗಾಂಧೀಜಿಯವರು ಶಾಂತಿಯನ್ನು ಕೇಳಿದ ರೀತಿಯನ್ನು ಜ್ಞಾಪಿಸಿಕೊಳ್ಳೋಣ. 1948ರ ಜನವರಿ 13ರಂದು ದೆಹಲಿಯಲ್ಲಿ ಅವರು ಕೈಗೊಂಡ ಉಪವಾಸವು 18ರಂದು ಮುಗಿಯಿತು. ನಾವೆಲ್ಲ ಸೋದರರೆಂಬ ಬಾಯಿಮಾತನ್ನು ನಂಬಿ ಅವರು ಹಣ್ಣಿನ ರಸವನ್ನು ಸ್ವೀಕರಿಸಲಿಲ್ಲ. ಮೆಹ್ರೌಲಿಯಲ್ಲಿ ಖ್ವಾಜಾ ಕುತುಬುದ್ದೀನ್ ಬಖ್ತಿಯಾರರ ಉರುಸು ಎಂದಿನಂತೆ ನಡೆಯತಕ್ಕದ್ದು, ವಶಮಾಡಿಕೊಂಡ ಮಸೀದಿಗಳನ್ನು ಹಿಂದಿರುಗಿಸತಕ್ಕದ್ದು, ಸಬ್ಜಿಮಂಡಿ ಕರೋಲ್‌ಬಾಗುಗಳಲ್ಲಿ ಮುಸಲ್ಮಾನರು ನಿರ್ಭಯವಾಗಿ ಓಡಾಡುವಂತಾಗತಕ್ಕದ್ದು ಎಂದು ಬೀದಿಯ ಹೆಸರು ಹಿಡಿದು ಷರತ್ತುಗಳನ್ನು ಬರೆಯಿಸಿ, ಎಲ್ಲ ಪಂಗಡದವರ ಒಪ್ಪಿಗೆಯನ್ನು ಪಡೆದರು. ಅದೇ 27ರಂದು ತಾವೇ ಆ ಉರುಸಿಗೆ ಹೋಗಿ ಬಂದರು. ನಮ್ಮ ಶಾಂತಿ ಸಭೆಗಳ ನಡವಳಿಕೆಯಲ್ಲಿ ಇಂತಹ ಒಂದಾದರೂ ಬೀದಿಯ ಹೆಸರು, ಒಂದಾದರೂ ಮಾಡತಕ್ಕ ಕೆಲಸ ದಾಖಲಾಗುತ್ತದೆಯೆ?

ಮಂಡಿ ಮೊಹಲ್ಲಾದಲ್ಲಿ ಕೆಲಸಕ್ಕೆ ಬರವಿಲ್ಲ. ಮೊದಲನೆಯದು ಚರಂಡಿ. ಮುಂಗಾರಿಗೆ ಮುಂಚೆ ಹೂಳು ತೆಗೆಯದಿದ್ದರೆ ಮಳೆಯ ನೀರು ಬೀದಿಗೆ ಉಕ್ಕಿ ಎರಡೂ ಪಕ್ಕದ ಮನೆಗಳಿಗೆ ನುಗ್ಗುತ್ತದೆ. ಅದರಲ್ಲಿ ಸಿಕ್ಕಿಕೊಂಡಿರುವುದಾದರೂ ಏನು? ಗಣಪತಿಯ ಮಂಟಪದ ಥರ್ಮಕೋಲು, ಮಿಲಾದಿನ ಪ್ಲಾಸ್ಟಿಕ್ ತೋರಣ, ಕ್ರಿಸ್‌ಮಸ್ ಗೋದಲಿಯ ಹೊಳಪು ಕಾಗದ, ಮದುವೆಮನೆಯ ಲೋಟ ತಟ್ಟೆ. ಸರ್ವಧರ್ಮ ಸಮ್ಮೇಳನವು ಅಲ್ಲಿ ಆಗಲೇ ನೆರೆದಿದೆ! 2016ರ ಮಾರ್ಚಿಯಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧವಾಯಿತೆಂಬುದನ್ನು ಈ ಚರಂಡಿಗಳಿಗೆ ಯಾರೂ ತಿಳಿಸಿದಂತಿಲ್ಲ. 2015 ಮತ್ತು 2016ರಲ್ಲಿ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲೆನಿಸಿದ ಮೈಸೂರು 2017ರಲ್ಲಿ ಐದನೆಯ ಸ್ಥಾನಕ್ಕೆ ಇಳಿಯಿತು. ಪೌರಕಾರ್ಮಿಕರು ಬೆಳಗಿನ ಜಾವದಲ್ಲಿ ಗುಡಿಸಿದುದನ್ನು ನಾವು ಹತ್ತು ಗಂಟೆಗೆ ಮೊದಲೇ ಕೆಡಿಸುತ್ತಿದ್ದರೆ ಮತ್ತೇನಾದೀತು?

ಎರಡನೆಯದು ಮೂರ್ತಿಯ ವಿಷಯ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಸುಟ್ಟ ಜಿಪ್ಸಂ. ಅದು ಕೆರೆಯ ಜೇಡಿಯಂತೆ ನೀರಿನಲ್ಲಿ ಬೇಗ ಕರಗುವುದಿಲ್ಲ, ಅದರ ಮೇಲಿನ ಬಣ್ಣದ ಸೀಸ ಪಾದರಸಗಳು ಮೀನಿಗೂ ಮನುಷ್ಯನಿಗೂ ವಿಷ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2020ರ ಮಾರ್ಗಸೂಚಿಗಳಲ್ಲಿ ಇಂತಹ ಮೂರ್ತಿಗಳು ಕೂಡದೆಂದು ಸ್ಪಷ್ಟಪಡಿಸಿದೆ. ಶಾಸ್ತ್ರವಾದರೂ ಹೇಳುವುದು ಮೃತ್ತಿಕಾ ಗಣಪತಿಯನ್ನೇ. ಮೂರಾಳೆತ್ತರದ ಬಣ್ಣದ ಬೊಂಬೆಯು ಭಕ್ತಿಯ ಅಳತೆಯಲ್ಲ, ಚಂದಾ ಪೆಟ್ಟಿಗೆಯ ಅಳತೆ. ಹಿಂದೂಗಳಾದ ನಾವು ಇದನ್ನು ನಾವಾಗಿಯೇ ಸರಿಪಡಿಸಿಕೊಂಡರೆ ಇತರರು ಹೇಳುವ ಪ್ರಮೇಯವೇ ಬರುವುದಿಲ್ಲ. ಪರಿಸರದ ಉಪದೇಶವೆಲ್ಲ ಒಂದೇ ಧರ್ಮದವರ ಹಬ್ಬಕ್ಕೆ ಮೀಸಲೇಕೆಂದು ಕೆಲವರು ನಮಗೆ ಕೋಪದಿಂದ ಕಾಗದ ಬರೆಯುವುದುಂಟು. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಮೇಲೆ ಹೇಳಿದ ತೋರಣಗಳಿಗೂ, ಕ್ರಿಸ್‌ಮಸ್ಸಿನ ಪಟಾಕಿಗೂ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕವನ್ನು ತಡೆಯುವ 2000ದ ಶಬ್ದಮಾಲಿನ್ಯ ನಿಯಮಗಳಿಗೂ ಇದೇ ತಕ್ಕಡಿ ಸಲ್ಲಬೇಕು. ಮಂಡಿಯ ಜನರಿಗೆ ತೂಕದ ನ್ಯಾಯವನ್ನು ನಾವು ಬೋಧಿಸಬೇಕಾಗಿಲ್ಲ.

ಮರಗಳ ವಿಷಯದಲ್ಲಿ ನಮಗೆ ಹೇಳಲು ಇರುವುದು ಕಹಿಯೇ. ಜೂನ್ 5ರಂದು ಪರಿಸರ ದಿನವೆಂದು ಒಂದು ಗುದ್ದಲಿಗೆ ಹನ್ನೆರಡು ಕೈಗಳು ಸೇರಿ ಒಂದು ಸಸಿಯನ್ನು ನೆಡುತ್ತವೆ. ಯುಗಾದಿಯ ಹೊತ್ತಿಗೆ ಅಲ್ಲಿ ತಂತಿಯ ಬೋನು ಮಾತ್ರ ಉಳಿದಿರುತ್ತದೆ. ಇತ್ತ 2025ರ ಏಪ್ರಿಲಿನಲ್ಲಿ ರಸ್ತೆ ಅಗಲಿಸುವ ನೆಪದಿಂದ ಹೈದರ್ ಅಲಿ ರಸ್ತೆಯ 40 ಬೆಳೆದ ಮರಗಳನ್ನು ಉರುಳಿಸಲಾಯಿತು. ಪೌರರು ಅಲ್ಲಿ ನೆರೆದು ಪ್ರತಿಭಟಿಸಿದರು; ಮರಗಳು ಮಾತ್ರ ಮರಳಿ ಬರಲಿಲ್ಲ. ಚಾಮುಂಡಿ ಬೆಟ್ಟದ ರೋಪ್‌ವೇ ಯೋಜನೆಯನ್ನು 2022ರಲ್ಲಿ ಸರ್ಕಾರದವರು ಕೈಬಿಟ್ಟುದು ಜನರು ಮೊದಲೇ ಎಚ್ಚೆತ್ತು ಬಲವಾಗಿ ವಿರೋಧಿಸಿದುದರಿಂದ. ಮೊದಲೇ ಎಚ್ಚರದಿಂದಿರುವುದಕ್ಕೆ ಬೀದಿಗೊಂದು ಸಮಿತಿ ಬೇಕು, ಮತ್ತು ಆ ಸಮಿತಿಯು ಒಂದೇ ಮತದವರ ಕೂಟವಾಗಿರಕೂಡದು. ಮರವನ್ನು ಕಾಯಲು ಕೂಡಿದವರು ಗಲಭೆಯ ರಾತ್ರಿ ಒಬ್ಬರಿಗೊಬ್ಬರು ಫೋನು ಮಾಡಿ ಸುದ್ದಿಯ ನಿಜವನ್ನು ವಿಚಾರಿಸಿಕೊಳ್ಳಬಲ್ಲರು. ಎಲ್ಲಕ್ಕಿಂತ ಅದು ಮುಖ್ಯ. ಗಲಭೆಯು ಹಬ್ಬುವುದು ಅಪರಿಚಿತರ ನಡುವಿನ ಗಾಳಿಮಾತಿನಿಂದ.

ಭಾದ್ರಪದದ ಮೊದಲ ಪಕ್ಷದಲ್ಲಿಯೇ ಜೈನ ಬಂಧುಗಳು ಸಂವತ್ಸರಿಯನ್ನಾಚರಿಸಿ, ತಿಳಿದೋ ತಿಳಿಯದೆಯೋ ಮಾಡಿದ ನೋವಿಗೆ ಎಲ್ಲರಿಂದಲೂ ಕ್ಷಮೆ ಬೇಡುತ್ತಾರೆ. ಸೆಪ್ಟೆಂಬರ್ 1ನ್ನು ಪೋಪ್ ಫ್ರಾನ್ಸಿಸರು 2015ರಲ್ಲಿ ಸೃಷ್ಟಿಯ ಸಂರಕ್ಷಣೆಗಾಗಿ ಪ್ರಾರ್ಥಿಸುವ ದಿನವನ್ನಾಗಿ ಗೊತ್ತುಮಾಡಿದರು. ಬೀದಿಯ ಜನರು ಕೂಡುವುದಕ್ಕೆ ನೆಪಗಳು ಎಲ್ಲ ಮತಗಳಲ್ಲಿಯೂ ಸಿದ್ಧವಾಗಿಯೇ ಇವೆ. ಹೊಸ ದಿನಾಚರಣೆಗಳನ್ನು ಹುಟ್ಟಿಸಬೇಕಾಗಿಲ್ಲ.

ಮೊಹಲ್ಲಾದ ಹೆದ್ದಾರಿಗೆ ಯಾರ ಹೆಸರಿದೆಯೋ ಆ ದೊರೆಯು ಕಳಿಂಗದ ರಕ್ತಪಾತಕ್ಕೆ ಪಶ್ಚಾತ್ತಾಪಪಟ್ಟವನು. ದಾರಿಯಲ್ಲಿ ಬಾವಿ ತೋಡಿಸಿ ಮರ ನೆಡಿಸಿದೆನೆಂದು ಬಂಡೆಯ ಮೇಲೆ ಬರೆಯಿಸಿದವನು. ತನ್ನ ಪಂಥವನ್ನು ಹೊಗಳಲೆಂದು ಪರಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆಂಬ ಅರ್ಥದ ಅವನ ಹನ್ನೆರಡನೆಯ ಶಾಸನವು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೇ ದೊರೆತಿದೆ. ಅದು ಸಿಕ್ಕಿದುದು ದೇವಿಯ ಗುಡಿಯಲ್ಲಿ, ವಿಗ್ರಹದ ಪೀಠದ ಕಲ್ಲಾಗಿ. ಶತಮಾನಗಳ ಕಾಲ ಆ ಮಾತಿನ ಮೇಲೆಯೇ ಪೂಜೆ ನಡೆದಿತ್ತು, ಓದಿದವರಿಲ್ಲ.

ಅಧಿಕಾರಿಗಳಿಗೆ ನಮ್ಮ ಅರಿಕೆ ಇಷ್ಟು. 2023ರ ನವೆಂಬರಿನಲ್ಲಿ ನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತವು ಆಡಳಿತಾಧಿಕಾರಿಗಳ ಕೈಗೆ ಹೋದಂದಿನಿಂದ, ಜನರು ತಮ್ಮ ವಾರ್ಡಿನ ಪ್ರತಿನಿಧಿಯೊಡನೆ ಚರಂಡಿಯ ಬಳಿ ನಿಂತು ಮಾತನಾಡುವ ಪದ್ಧತಿಯು ತಪ್ಪಿತು. ಆ ಕೊರತೆಯನ್ನು ಪೊಲೀಸ್ ಇಲಾಖೆಯೊಂದೇ ತುಂಬಲಾರದು. ಶಾಂತಿ ಸಮಿತಿಯ ಮೊದಲ ಸಭೆಯನ್ನು ಚೌತಿಯ ಹಿಂದಿನ ವಾರಕ್ಕೆ ಬಿಡದೆ ಮೇ ತಿಂಗಳಿನಲ್ಲಿಯೇ, ಹೂಳೆತ್ತುವುದಕ್ಕೆ ಮುಂಚೆ, ಕರೆಯತಕ್ಕದ್ದು. ಪಾಲಿಕೆಯ ಆರೋಗ್ಯಾಧಿಕಾರಿಗಳೂ ಇಂಜಿನಿಯರರೂ ಅರಣ್ಯ ಇಲಾಖೆಯವರೂ ಅಲ್ಲಿರಬೇಕು. ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಮೂವತ್ತು ವರ್ಷದೊಳಗಿನವರಾಗಿರಲಿ, ಮೂರರಲ್ಲಿ ಒಬ್ಬರಾದರೂ ಸ್ತ್ರೀಯರಾಗಿರಲಿ. ಮೆರವಣಿಗೆಯ ದಾರಿ, ಹೊತ್ತು, ವಾದ್ಯಗಳನ್ನು ಅದೇ ಸಭೆಯಲ್ಲಿ ಗೊತ್ತುಮಾಡಿ ಬರೆದು ಸಹಿ ಹಾಕಿಸಲಿ. ಯಾವ ಬೀದಿಯ ಯಾವ ಸಸಿಗೆ ಯಾರು ನೀರೆರೆಯುವರೆಂಬುದೂ ಅದೇ ಪತ್ರದಲ್ಲಿರಲಿ. ಸಭೆಯು ಠಾಣೆಯಲ್ಲಿ ಬೇಡ. ಅಶೋಕ ರಸ್ತೆಯಲ್ಲಿಯೋ ಅಕ್ಬರ್ ರಸ್ತೆಯಲ್ಲಿಯೋ ಯಾವುದಾದರೊಂದು ಶಾಲೆಯ ಅಂಗಳದಲ್ಲಿ ಆಗಲಿ. ಠಾಣಾಧಿಕಾರಿಗಳು ಅಲ್ಲಿಗೆ ಅತಿಥಿಗಳಾಗಿ ದಯಮಾಡಿಸಬಹುದು. ಚಹಾದ ಖರ್ಚನ್ನು ಮೊಹಲ್ಲಾದ ವರ್ತಕರು ಸಂತೋಷದಿಂದ ವಹಿಸಿಕೊಳ್ಳುವರೆಂದು ನಾವು ನಂಬಿದ್ದೇವೆ.