ಟೆಂಡರ್‌ಗೆ ಮುನ್ನ ನೆಲದ ಪರೀಕ್ಷೆ: ಪುರಾತತ್ವ ಇಲಾಖೆಗೆ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ,
ಮೈಸೂರು.

ಇವರಿಂದ,
ಡಲ್ಲಾಸ್, ಹ್ಯೂಸ್ಟನ್ ಮತ್ತು ಆಸ್ಟಿನ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು,
ಟೆಕ್ಸಾಸ್, ಅಮೆರಿಕ.

ವಿಷಯ: ಸರ್ಕಾರಿ ಕಾಮಗಾರಿಗಳಿಗೆ ಟೆಂಡರ್ ಕರೆಯುವ ಮೊದಲೇ ಪುರಾತತ್ವ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೆ,

ರಜೆಗೆ ಊರಿಗೆ ಬಂದಾಗಲೆಲ್ಲ ರಸ್ತೆ ಅಗಲವಾಗಿರುವುದು, ಕೆರೆ ಏರಿ ಭದ್ರವಾಗಿರುವುದು ಕಂಡು ನಮಗೆ ಸಂತೋಷವೇ ಆಗುತ್ತದೆ. ಆದರೆ ಏರಿಯ ಪಕ್ಕದಲ್ಲಿದ್ದ ವೀರಗಲ್ಲು ಎಲ್ಲಿ ಹೋಯಿತೆಂದು ಕೇಳಿದರೆ ಹೇಳುವವರಿಲ್ಲ. ಅಭಿವೃದ್ಧಿ ನಿಲ್ಲಲಿ ಎಂದು ನಾವು ಕೇಳುತ್ತಿಲ್ಲ. ಜೆಸಿಬಿ ಇಳಿಯುವ ಮೊದಲು ಆ ನೆಲವನ್ನು ಬಲ್ಲವರು ಒಮ್ಮೆ ನೋಡಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಪ್ರಾಚೀನ ಸ್ಮಾರಕಗಳ ಕುರಿತಾದ 1958ರ ಕೇಂದ್ರ ಕಾಯ್ದೆಯಾಗಲಿ, 1961ರ ರಾಜ್ಯ ಕಾಯ್ದೆಯಾಗಲಿ ಮುಖ್ಯವಾಗಿ ಕಾಯುವುದು ಘೋಷಿತ ಸ್ಮಾರಕ, ಘೋಷಿತ ನಿವೇಶನಗಳನ್ನು. ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ 100 ಮೀಟರ್ ನಿಷೇಧಿತ ವಲಯವೂ ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವೂ ಅಂಥ ಜಾಗಗಳ ಸುತ್ತಲೇ. ಇನ್ನೂ ಯಾರ ಕಣ್ಣಿಗೂ ಬೀಳದೆ ಮಣ್ಣಿನಡಿ ಇರುವುದಕ್ಕೆ ಈ ರಕ್ಷಣೆ ಸಿಗುವುದಿಲ್ಲ. ನಮ್ಮ ನಾಡಿನ ದೊಡ್ಡ ಶೋಧಗಳಲ್ಲಿ ಕೆಲವು ಅಕಸ್ಮಾತ್ತಾಗಿ ಆದವು. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡವರು ಚಿನ್ನ ಹುಡುಕಲು ಬಂದಿದ್ದ ಎಂಜಿನಿಯರ್ ಬೀಡನ್. ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲೆಯೇ ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಅಕ್ಷರಗಳು ಕಂಡವು. ವಿಗ್ರಹ ಕೂರಿಸಲೆಂದು ಕಲ್ಲಿನ ನಡುವೆ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರಗಳು ಆಗಲೇ ಹೋಗಿದ್ದವು. ಅದೃಷ್ಟವನ್ನು ನಂಬಿಕೊಂಡು ಇಲಾಖೆ ಎಷ್ಟು ಕಾಲ ನಡೆಯಬೇಕು?

ನಾವಿರುವ ನಾಡು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ 1869ರಲ್ಲಿ ಜಾಗ ಕೊಂಡು ಮಾಡಿಕೊಂಡ ಫ್ರೀಡ್‌ಮನ್ಸ್ ಸ್ಮಶಾನ ಡಲ್ಲಾಸ್‌ನಲ್ಲಿದೆ. 1940ರ ದಶಕದಲ್ಲಿ ಅದರ ಒಂದು ಭಾಗದ ಮೇಲೆಯೇ ಹೆದ್ದಾರಿ ಹಾಯಿತು. 1990ರ ದಶಕದ ಆರಂಭದಲ್ಲಿ ಹೆದ್ದಾರಿ ವಿಸ್ತರಣೆಗೆ ಮುನ್ನ ಪುರಾತತ್ವಜ್ಞರು ಅಗೆದಾಗ 1,157 ಜನರ ಅಸ್ಥಿಗಳು ಸಿಕ್ಕವು. ಅರ್ಧ ಶತಮಾನ ಅವರ ಮೇಲೆ ವಾಹನಗಳು ಓಡಿದ್ದವು.

ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡ್‌ನಲ್ಲಿ ನಮ್ಮ ಎಷ್ಟೋ ಮನೆಗಳಿವೆ. ಕಬ್ಬಿನ ತೋಟಗಳಿಗೆ ಬಾಡಿಗೆಗೆ ಕೊಡಲಾಗಿದ್ದ ಕೈದಿಗಳ ಗೋರಿಗಳು ಆ ಭಾಗದಲ್ಲಿವೆ ಎಂದು ರೆಜಿನಾಲ್ಡ್ ಮೂರ್ ಎಂಬ ಹೋರಾಟಗಾರ ವರ್ಷಗಟ್ಟಲೆ ಎಚ್ಚರಿಸುತ್ತಿದ್ದರು. 2018ರ ಫೆಬ್ರವರಿಯಲ್ಲಿ ಶಾಲಾ ಕಟ್ಟಡಕ್ಕೆ ಅಗೆಯುವಾಗ ಮೂಳೆ ಕಂಡಿತು. ಕೊನೆಗೆ ಸಿಕ್ಕವರು 95 ಮಂದಿ. ದುಡಿದು ದುಡಿದು ಸವೆದ ಮೂಳೆಗಳು ಅವು. 2019ರಲ್ಲಿ ಅವರನ್ನು ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಲಾಯಿತು. ಮೂರ್ ಹೇಳಿದ್ದು ನಿಜವಾಯಿತು. ನೆಲದ ಬಗ್ಗೆ ಊರವರಿಗೆ ಗೊತ್ತಿರುವುದು ಕಡತದಲ್ಲಿ ಇರಲೇಬೇಕೆಂದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಟೆಕ್ಸಾಸ್‌ನಲ್ಲಿ 1969ರಿಂದ ಪ್ರಾಚ್ಯವಸ್ತು ಕಾಯ್ದೆಯಿದೆ. ಸಾರ್ವಜನಿಕ ಜಮೀನಿನಲ್ಲಿ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲ ಕೆದಕುವ ಕಾಮಗಾರಿಯಾದರೆ ಆಸ್ಟಿನ್‌ನಲ್ಲಿರುವ ರಾಜ್ಯ ಚರಿತ್ರೆ ಆಯೋಗಕ್ಕೆ ಮೊದಲೇ ತಿಳಿಸಬೇಕು. ಆಯೋಗ 30 ದಿನದೊಳಗೆ ಉತ್ತರಿಸಬೇಕು. ಆಯೋಗ ಕೇಳುವ ಪರೀಕ್ಷೆ ಎಂದರೆ ದೊಡ್ಡ ಉತ್ಖನನವೂ ಅಲ್ಲ. ಒಂದಿಷ್ಟು ಅಂತರಕ್ಕೊಂದರಂತೆ ಸುಮಾರು 30 ಸೆಂಟಿಮೀಟರ್ ಅಗಲದ ಗುಂಡಿ ತೋಡುತ್ತಾರೆ, ಮಣ್ಣನ್ನು ಪದರ ಪದರವಾಗಿ ತೆಗೆದು ಕಾಲು ಇಂಚಿನ ಜಾಲರಿಯಲ್ಲಿ ಜರಡಿ ಹಿಡಿಯುತ್ತಾರೆ. ಮಡಕೆ ಚೂರೋ ಕಲ್ಲಿನ ಚಕ್ಕೆಯೋ ಸಿಕ್ಕರೆ ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದುಕೊಂಡು ಗುಂಡಿ ಮುಚ್ಚುತ್ತಾರೆ. ಏನೂ ಸಿಗದಿದ್ದರೆ ಕೆಲಸ ಮುಂದುವರಿಯುತ್ತದೆ. ಖಾಸಗಿ ಜಮೀನನ್ನು ಆ ಕಾಯ್ದೆ ಮುಟ್ಟುವುದಿಲ್ಲ, ಅದು ದೊಡ್ಡ ಕೊರತೆ. ಕರ್ನಾಟಕ ಅದಕ್ಕಿಂತ ಒಳ್ಳೆಯ ಕಾನೂನು ಮಾಡಬಲ್ಲದು.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಹೀಗಿವೆ. ಹೆದ್ದಾರಿ, ಕಾಲುವೆ, ಕೈಗಾರಿಕಾ ಪ್ರದೇಶ, ಬಡಾವಣೆ, ಸೌರ ವಿದ್ಯುತ್ ಪಾರ್ಕ್ — ಸರ್ಕಾರ ಮಾಡಲಿ, ಸರ್ಕಾರದ ಜಮೀನು ಪಡೆದ ಖಾಸಗಿಯವರು ಮಾಡಲಿ — ಇಲಾಖೆಯ ಪರೀಕ್ಷಾ ವರದಿ ಬಾರದೆ ಟೆಂಡರ್ ಕರೆಯಬಾರದು. ಪರೀಕ್ಷೆಯ ವೆಚ್ಚ ಕಾಮಗಾರಿಯ ಅಂದಾಜು ಪಟ್ಟಿಯಲ್ಲೇ ಸೇರಬೇಕು. ಇಲಾಖೆಯ ಸಣ್ಣ ಅನುದಾನದ ಮೇಲೆ ಆ ಹೊರೆ ಬೀಳಬಾರದು. ಪ್ರತಿ ವರದಿಗೂ ಮುನ್ನ ಗ್ರಾಮಸಭೆಯಲ್ಲಿ ಹಿರಿಯರನ್ನು, ದನ ಕಾಯುವವರನ್ನು, ಹೊಲ ಉಳುವವರನ್ನು ಕೇಳಿ ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ನೇಗಿಲಿಗೆ ಏನು ತಾಕುತ್ತದೆಂದು ಅವರಿಗೇ ಗೊತ್ತು. ಕೆಲಸದ ನಡುವೆ ಏನಾದರೂ ಸಿಕ್ಕರೆ ತಕ್ಷಣ ನಿಲ್ಲಿಸಿ ತಿಳಿಸುವ ಷರತ್ತು ಗುತ್ತಿಗೆ ಕರಾರಿನಲ್ಲಿರಬೇಕು, ತಿಳಿಸಿದ ಗುತ್ತಿಗೆದಾರನಿಗೆ ದಂಡವಿಲ್ಲದೆ ಅವಧಿ ವಿಸ್ತರಣೆ ಸಿಗಬೇಕು. ಈಗ ಅವನು ರಾತ್ರೋರಾತ್ರಿ ಮುಚ್ಚಿಹಾಕಿದರೆ ಅದಕ್ಕೆ ಕಾರಣ ಲೋಭವೊಂದೇ ಅಲ್ಲ, ಗಡುವಿನ ಭಯವೂ ಹೌದು.

ಬಳ್ಳಾರಿಯ ಸಂಗನಕಲ್ಲು ಮತ್ತು ಕುಪ್ಪಗಲ್ಲಿನ ಬಗ್ಗೆ ಪ್ರತ್ಯೇಕವಾಗಿ ಕೇಳುತ್ತೇವೆ. ನವಶಿಲಾಯುಗದ ಜನ ಕಲ್ಲುಕೊಡಲಿ ತಯಾರಿಸಿದ, ದನಗಳ ಚಿತ್ರ ಕುಟ್ಟಿ ಮೂಡಿಸಿದ, ಬಡಿದರೆ ನಾದ ಹೊಮ್ಮುವ ಬಂಡೆಗಳಿರುವ ಆ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ತಿನ್ನುತ್ತಾ ಬಂದಿದೆ. ಆ ಇಡೀ ಗುಡ್ಡಸಾಲನ್ನೂ ಸುತ್ತಮುತ್ತಲ ಬೂದಿದಿಬ್ಬಗಳನ್ನೂ ಅಳತೆ ಮಾಡಿಸಿ, ಒಂದೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಅಲ್ಲಿ ಹೊಸ ಗಣಿ ಗುತ್ತಿಗೆ ಕೊಡಬಾರದೆಂದು ಗಣಿ ಇಲಾಖೆಗೆ ಬರೆಯಬೇಕು.

ಟೆಂಡರ್‌ಗೆ ಮುನ್ನ ಪರೀಕ್ಷೆ ಮಾಡಿದರೆ ಕಾಮಗಾರಿ ತಡವಾಗುತ್ತದೆ ಎಂಬ ಆಕ್ಷೇಪ ಬರುವುದು ಖಂಡಿತ. ಆದರೆ ಹಂಪಿಯಲ್ಲಿ ಸೇತುವೆ ಕೆಲಸ ಅರ್ಧಕ್ಕೆ ಬಂದ ಮೇಲೆ ವಿವಾದ ಎದ್ದು, 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಮೊದಲೇ ತಿಂಗಳೊಂದು ಕಾಯುವುದು ಇದಕ್ಕಿಂತ ಎಷ್ಟೋ ಅಗ್ಗ.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ನಮ್ಮಲ್ಲಿ ಭೂಗರ್ಭ ಸಮೀಕ್ಷೆ, ಡ್ರೋನ್ ನಕ್ಷೆ, ಸಿವಿಲ್ ಎಂಜಿನಿಯರಿಂಗ್ ಬಲ್ಲವರಿದ್ದಾರೆ. ಇಲಾಖೆ ಕರೆದರೆ ಸಂಭಾವನೆಯಿಲ್ಲದೆ ಬಂದು ದುಡಿಯುತ್ತೇವೆ.


ತಮ್ಮ ವಿಶ್ವಾಸಿಗಳು,
ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕನ್ನಡ ಕುಟುಂಬಗಳ ಪರವಾಗಿ